ಮೋಡ, ಮೂರಕ್ಷರ: ಪದಬಂಧ ಅರ್ಧಕ್ಕೆ ನಿಂತಾಗ

ಪ್ರಶ್ನೆ: ದಿನಾ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಪದಬಂಧಕ್ಕೆ ಕೂರುತ್ತೇನೆ. ಅರ್ಧ ತುಂಬುವಷ್ಟರಲ್ಲಿ ಗಾಡಿ ನಿಂತುಬಿಡುತ್ತದೆ. ಮೊನ್ನೆ ‘ಮೋಡ (3)’ ಎಂಬ ಸುಳಿವಿಗೆ ಖಾತ್ರಿಯಿಂದ ‘ಮುಗಿಲು’ ಎಂದು ಬರೆದೆ, ಆ ಮೂಲೆ ಪೂರ್ತಿ ಕೆಟ್ಟುಹೋಯಿತು. ಮಗಳು ‘ಮೊಬೈಲಲ್ಲಿ ಹುಡುಕಮ್ಮಾ’ ಅನ್ನುತ್ತಾಳೆ, ಯಜಮಾನರು ‘ಅದು ಕಳ್ಳಾಟ’ ಅನ್ನುತ್ತಾರೆ. ಸಹಾಯ ತೆಗೆದುಕೊಳ್ಳಬಹುದೇ? ಯಾವಾಗ, ಯಾರಿಂದ, ಎಷ್ಟು?
– ಓದುಗರು, ಸುಭಾಷ್ ನಗರ, ಮಂಡ್ಯ

ಉತ್ತರ: ನಿಮ್ಮ ಮುಗಿಲಿನಿಂದಲೇ ಶುರು ಮಾಡೋಣ. ಉತ್ತರ ಗೊತ್ತಿಲ್ಲದೆ ಪದಬಂಧ ನಿಲ್ಲುವುದು ಅಪರೂಪ. ಗೊತ್ತಿದೆ ಎಂದುಕೊಂಡು ಬರೆದ ಒಂದು ತಪ್ಪು ಪದ ಸುತ್ತಲಿನ ನಾಲ್ಕೈದನ್ನು ಅಡ್ಡಗಟ್ಟಿ ನಿಲ್ಲಿಸುವುದೇ ಹೆಚ್ಚು. ಹಾಗಾಗಿ ಮೊದಲು ಬೇಕಾದ ಸಹಾಯ ಹೊಸ ಪದ ಹುಡುಕುವುದಕ್ಕಲ್ಲ, ಬರೆದದ್ದರಲ್ಲಿ ಯಾವುದು ತಪ್ಪು ಎಂದು ಹಿಡಿಯುವುದಕ್ಕೆ. ಅದನ್ನು ಯಾರನ್ನೂ ಕೇಳದೆ, ಪೆನ್ಸಿಲ್ ಹಿಡಿದುಕೊಂಡು ನೀವೇ ಮಾಡಬಹುದು.

ಎಡ ಮೇಲ್ಮೂಲೆಯಲ್ಲಿ ಇಂಥ ಮೂರು ಸುಳಿವುಗಳಿವೆ ಎಂದಿಟ್ಟುಕೊಳ್ಳಿ. ಅಡ್ಡಕ್ಕೆ ‘ಮೋಡ (3)’. ಅದರ ಮೊದಲ ಮನೆಯಿಂದ (ಅಂದರೆ ಚೌಕದಿಂದ) ಕೆಳಕ್ಕೆ ‘ಮನೆ ಮುಂದಿನ ಬಯಲು (3)’. ಮೂರನೇ ಮನೆಯಿಂದ ಕೆಳಕ್ಕೆ ‘ಹೂವಿನ ಎಸಳು (2)’. ಮುಗಿಲು ಎಂದು ಬರೆದರೆ ಎಸಳಿನ ಪದ ‘ಲು’ವಿನಿಂದ ಶುರುವಾಗಬೇಕು. ಲು ಎಂಬ ಅಕ್ಷರದಿಂದ ಶುರುವಾಗುವ ಪದ ಕನ್ನಡದಲ್ಲಿ ಎಷ್ಟಿವೆ? ಲುಪ್ತ, ಲುಬ್ಧ, ಲುಕ್ಸಾನು... ಅಲ್ಲಿಗೆ ಉಸಿರು ನಿಲ್ಲುತ್ತದೆ. (ಲುಂಗಿ ಲೆಕ್ಕಕ್ಕಿಲ್ಲ, ಅದರ ಮೊದಲ ಮನೆ ಲುಂ.) ಯಾವುದೂ ಎಸಳಲ್ಲ. ಇನ್ನು ‘ಮು’ವಿನಿಂದ ಶುರುವಾಗುವ ಮೂರಕ್ಷರದ ಬಯಲೂ ಹೊಳೆಯುವುದಿಲ್ಲ. ದಾಟುವ ಎರಡು ಪದಗಳೂ ಒಟ್ಟಿಗೆ ಮುಷ್ಕರ ಹೂಡಿದವು ಎಂದರೆ ತಪ್ಪು ಅವುಗಳದ್ದಲ್ಲ, ಅಡ್ಡ ಸಾಲಿನದ್ದು. ಮುಗಿಲನ್ನು ಅಳಿಸಿ ಕೆಳಗಿನ ಪದಗಳನ್ನು ಮೊದಲು ನೋಡಿ. ಮನೆ ಮುಂದಿನ ಬಯಲು ಅಂಗಳ: ಅಂ-ಗ-ಳ. ಎಸಳು ದಳ. ಈಗ ಮೋಡ ‘ಅಂ’ನಿಂದ ಶುರುವಾಗಿ ‘ದ’ದಲ್ಲಿ ಮುಗಿಯಬೇಕು. ಅಂಬುದ.

ಇಲ್ಲೇ ಇನ್ನೊಂದು ಸೂಕ್ಷ್ಮವಿದೆ. ಅಂಗಳದ ಕೊನೆಯ ‘ಳ’ ಎಡ ಅಂಚಿಗಿದ್ದು ಅದರ ಬಲಕ್ಕೆ ಬಿಳಿ ಮನೆಯಿದ್ದರೆ ಆ ಅಡ್ಡ ಪದ ಳಕಾರದಿಂದ ಶುರುವಾಗಬೇಕಾಗುತ್ತದೆ. ಅಂಥ ಕನ್ನಡ ಪದವಿಲ್ಲ. ಅಂದರೆ ಬಲಕ್ಕೆ ಕಪ್ಪು ಮನೆ ಇರಲೇಬೇಕು. ಇಲ್ಲದಿದ್ದರೆ ‘ಅಂಗಳ’ವನ್ನೇ ಅನುಮಾನಿಸಿ. ಸುಳಿವಿನಷ್ಟೇ ಮಾತನ್ನು ಕಪ್ಪು ಮನೆಗಳೂ ಆಡುತ್ತವೆ.

ಹೀಗೆ ಒಂದೇ ನೋಟಕ್ಕೆ ಸಿಕ್ಕಿಬೀಳುವ ತಪ್ಪುಗಳು ಕೆಲವಿವೆ. ಪದದ ಮೊದಲ ಮನೆಯಲ್ಲಿ ಳ ಅಥವಾ ಣ ಬಂದು ಕೂತರೆ ಎಲ್ಲೋ ಎಡವಿದ್ದೀರಿ. ಮೊದಲ ಮನೆಯಲ್ಲಿ ಕ್ಕ, ತ್ತ, ಲ್ಲಿ, ಟ್ಟೆಯಂಥ ಸಜಾತೀಯ ಒತ್ತಕ್ಷರ ಬಂದರೂ ಅಷ್ಟೇ (ಕ್ರ, ಪ್ರ, ಸ್ವ, ಶ್ರೀ ಬರಬಹುದು). ಅ, ಇ, ಎ, ಒ ಮುಂತಾದ ಸ್ವರಾಕ್ಷರಗಳು ಪದದ ಮೊದಲಲ್ಲೇ ಬರುವುದು. ನಡುವೆಯೋ ಕೊನೆಯಲ್ಲೋ ಒಂಟಿ ‘ಅ’ ಸಿಕ್ಕಿದರೆ ದಾಟುವ ಎರಡರಲ್ಲಿ ಒಂದು ಸುಳ್ಳು. ಇದನ್ನೇ ತಿರುಗಿಸಿ ಉಪಯೋಗಿಸಲೂಬಹುದು: ಯಾವುದೋ ಮನೆಗೆ ಸ್ವರಾಕ್ಷರ ಬಂತೆಂದರೆ ಅಲ್ಲಿ ದಾಟುವ ಪದವೂ ಅದೇ ಮನೆಯಲ್ಲಿ ಶುರುವಾಗಬೇಕು. ಬೇಸರ ಬಂದಾಗ ಹೊಸ ಸುಳಿವು ಓದುವ ಬದಲು ಈ ಪರೀಕ್ಷೆಯನ್ನು ಎರಡು ನಿಮಿಷ ನಡೆಸಿ ನೋಡಿ.

ಈಗ ಎಣಿಕೆಗೆ ಬರೋಣ, ಹೊಸಬರು ಹೆಚ್ಚು ಜಾರುವುದು ಇಲ್ಲೇ. ಕನ್ನಡ ಪದಬಂಧದಲ್ಲಿ ಒಂದು ಮನೆ ಎಂದರೆ ಒಂದು ಪೂರ್ತಿ ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಅದರೊಳಗೇ. ಮಂಡ್ಯ ಎರಡೇ ಮನೆ: ಮಂ-ಡ್ಯ. ಮದ್ದೂರು ಮೂರು, ಮಳವಳ್ಳಿ ನಾಲ್ಕು, ಪಾಂಡವಪುರ ಐದು, ಶ್ರೀರಂಗಪಟ್ಟಣ ಆರು. ಲಕ್ಷ್ಮಿ ಬರೆಯಲು ಎಷ್ಟು ಜಾಗ ಹಿಡಿದರೂ ಎರಡೇ ಮನೆ, ದುಃಖವೂ ಎರಡೇ. ಅರ್ಕಾವತ್ತಿನಲ್ಲಿ ಕಣ್ಣು ಮೋಸಹೋಗುತ್ತದೆ: ಕರ್ನಾಟಕ ಎಂದರೆ ಕ-ರ್ನಾ-ಟ-ಕ, ನಾಲ್ಕು ಮನೆ. ರಕಾರಕ್ಕೆ ಬೇರೆ ಮನೆ ಕೊಡಬಾರದು. ‘ವಿಜಯದಶಮಿಯ ಮೆರವಣಿಗೆ (5)’ ಎಂದರೆ ಜಂ-ಬೂ-ಸ-ವಾ-ರಿ. ಅದು ಹೋಗಿ ಸೇರುವ ಬನ್ನಿಮಂಟಪಕ್ಕೂ ಐದೇ ಮನೆ.

ಪದದ ಕೊನೆಗೆ ಬರುವ ಅರ್ಧಾಕ್ಷರದ ವಿಷಯ ಮಾತ್ರ ಬೇರೆ. ಅದಕ್ಕೆ ಸ್ವಂತ ಮನೆ ಬೇಕು: ಅ-ಕ-ಸ್ಮಾ-ತ್, ಕಂ-ಪ್ಯೂ-ಟ-ರ್. ಕೆಲವರು ಬಸ್ ಎನ್ನುತ್ತಾರೆ, ಕೆಲವರು ಬಸ್ಸು, ಕಾರ್, ಕಾರು, ಅಕಸ್ಮಾತ್, ಅಕಸ್ಮಾತ್ತು. ಎರಡು ರೂಪಕ್ಕೂ ಮನೆಗಳ ಎಣಿಕೆ ಒಂದೇ, ಕೊನೆಯ ಮನೆಯ ಅಕ್ಷರ ಮಾತ್ರ ಬೇರೆ. ಆದ್ದರಿಂದ ಇಂಗ್ಲಿಷಿನಿಂದ ಬಂದ ಪದವಾದರೆ ಕೊನೆಯ ಮನೆಯನ್ನು ಖಾಲಿ ಬಿಟ್ಟು ಉಳಿದದ್ದು ತುಂಬಿ. ದಾಟುವ ಪದ ಅದನ್ನು ತೀರ್ಮಾನಿಸಲಿ. ದಸರಾ, ದಸರೆಗೂ ಇದೇ ಮಾತು. ಸೀತಾ–ಸೀತೆ, ಗಂಗಾ–ಗಂಗೆ, ಕಥೆ–ಕತೆ, ರೇಡಿಯೋ–ರೇಡಿಯೊ ಇವೆಲ್ಲ ಒಂದೇ ಗುಂಪು.

ಒಂದು ಮನೆಯಲ್ಲಿ ಪೂರ್ತಿ ಅಕ್ಷರ ಇರುವುದರಿಂದ ನಮಗೆ ದೊಡ್ಡ ಲಾಭವಿದೆ. ಇಂಗ್ಲಿಷ್ ಪದಬಂಧದ ಒಂದು ಮನೆಗೆ 26 ಸಾಧ್ಯತೆ. ಕನ್ನಡದಲ್ಲಿ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೇ 442, ಒತ್ತಕ್ಷರ, ಸೊನ್ನೆ ಲೆಕ್ಕ ಬೇರೆ. ಅಂದಮೇಲೆ ದಾಟುವ ಪದದಿಂದ ಸಿಕ್ಕ ಒಂದೇ ಒಂದು ಅಕ್ಷರ ಎಷ್ಟೋ ಪದಗಳನ್ನು ಹೊರಗೆ ಹಾಕುತ್ತದೆ. ಮೂರು ಮನೆಯ ಪದದಲ್ಲಿ ಒಂದು ಅಕ್ಷರ ಖಚಿತವಾಗಿದ್ದರೆ ಅರ್ಧ ಗೆದ್ದಂತೆ. ಇದನ್ನು ಮರೆತು ಸುಳಿವನ್ನೇ ದಿಟ್ಟಿಸುತ್ತ ಕೂರುವವರು ಬಹಳ. ಸುಳಿವನ್ನು ಎರಡು ಸಲ ಓದಿದ್ದಾಯಿತೇ? ಅದನ್ನು ಬಿಟ್ಟು, ಅದನ್ನು ದಾಟುವ ಪದಕ್ಕೆ ಹೋಗಿ.

ಹಾಗೆಂದು ಅಕ್ಷರ ಎಲ್ಲಿಂದ ಸಿಕ್ಕರೂ ಒಂದೇ ಬೆಲೆಯಲ್ಲ. ‘ಹಾವು (3)’ ನೋಡಿ. ಉರಗ, ಪನ್ನಗ, ಭುಜಗ, ಭುಜಂಗ ನಾಲ್ಕೂ ಮೂರು ಮನೆಯವು, ನಾಲ್ಕೂ ಗಕಾರದಲ್ಲೇ ಮುಗಿಯುತ್ತವೆ. ಕೊನೆಯ ‘ಗ’ ಸಿಕ್ಕಿತೆಂದು ಹಿಗ್ಗಬೇಡಿ. ಮೊದಲಕ್ಷರ ‘ಭು’ ಸಿಕ್ಕಿದರೂ ನಡುವೆ ಜ ಇದೆಯೋ ಜಂ ಇದೆಯೋ ನೋಡಬೇಕು. ನೀರಿನ ಸಂಸಾರ ಇದಕ್ಕೆ ತದ್ವಿರುದ್ಧ. ಜಲ, ವಾರಿ, ಅಂಬು, ನೀರ, ತೋಯ: ಇವೆಲ್ಲ ನೀರು. ಇವಕ್ಕೆ ‘ಜ’ ಹತ್ತಿದರೆ ತಾವರೆ: ಜಲಜ, ವಾರಿಜ, ಅಂಬುಜ, ನೀರಜ. ‘ದ’ ಹತ್ತಿದರೆ ಮೋಡ: ಜಲದ, ವಾರಿದ, ಅಂಬುದ, ನೀರದ, ತೋಯದ. ‘ಧಿ’ ಹತ್ತಿದರೆ ಕಡಲು: ಜಲಧಿ, ವಾರಿಧಿ, ಅಂಬುಧಿ. ಹುಟ್ಟಿದ್ದು ಜ, ಕೊಡುವುದು ದ, ಇಟ್ಟುಕೊಂಡಿರುವುದು ಧಿ. ಎಲ್ಲವೂ ಮೂರೇ ಮನೆ. ಪದಬಂಧ ಹೆಣೆಯುವವರಿಗೆ ಈ ಕುಟುಂಬ ಕಾಮಧೇನು, ವಾರದಲ್ಲಿ ಒಮ್ಮೆಯಾದರೂ ಕರೆಯುತ್ತಾರೆ. ಮೋಡ ಎಂದ ಕೂಡಲೇ ಮೂರನೇ ಮನೆಯಲ್ಲಿ ತೆಳ್ಳಗೆ ‘ದ’ ಎಂದು ಗುರುತು ಹಾಕಿ, ಮೊದಲ ಮನೆ ದಾಟುವ ಪದಕ್ಕೆ ಬಿಡಿ. ಮುಗಿಲು ಕೊನೆಯ ಆಯ್ಕೆಯಾಗಿರಲಿ. ಉತ್ತರ ಕರ್ನಾಟಕದ ಕಡೆ ಮುಗಿಲೆಂದರೆ ಆಕಾಶವೇ ಆದ್ದರಿಂದ ಅದು ಎರಡು ದೋಣಿಯಲ್ಲಿ ಕಾಲಿಟ್ಟ ಪದ.

ಭೂಮಿಯ ಮನೆತನವೂ ಹೀಗೇ ಬೆಳೆದಿದೆ. ಎರಡು ಮನೆಗೆ ಇಳೆ, ಧರೆ, ಬುವಿ, ಮಹಿ, ನೆಲ, ಪೃಥ್ವಿ, ಮೂರಕ್ಕೆ ಧರಣಿ, ಅವನಿ, ವಸುಧೆ, ಮೇದಿನಿ, ಪೊಡವಿ, ನಾಲ್ಕಕ್ಕೆ ವಸುಂಧರೆ. ಇದಕ್ಕೆ ‘ಪ’ ಸೇರಿದರೆ ಅರಸ (ಭೂಪ, ಮಹೀಪ, ಅವನಿಪ), ‘ರುಹ’ ಸೇರಿದರೆ ಮರ (ಭೂರುಹ, ಮಹೀರುಹ). ಅರ್ಜುನನಂತೂ ಯಾವ ಅಳತೆಗೂ ಸಿಗುತ್ತಾನೆ: ನರ, ಪಾರ್ಥ ಎರಡಕ್ಕೆ, ವಿಜಯ, ಕಿರೀಟಿ, ಫಲ್ಗುಣ ಮೂರಕ್ಕೆ, ಧನಂಜಯ, ಸವ್ಯಸಾಚಿ ನಾಲ್ಕಕ್ಕೆ.

ಒಂದೇ ಪದ ತತ್ಸಮವಾಗಿ ಒಂದು ಅಳತೆ, ತದ್ಭವವಾಗಿ ಇನ್ನೊಂದು ಅಳತೆ ಆಗುವುದೂ ಉಂಟು. ಶ್ರೀ ಒಂದು ಮನೆ, ಸಿರಿ ಎರಡು. ಲಕ್ಷ್ಮಿ ಎರಡು, ಲಕುಮಿ ಮೂರು. ವರ್ಷ, ವರುಷ. ಚಂದ್ರ, ಚಂದಿರ. ಪ್ರಾಣ, ಹರಣ. ಗೊತ್ತಿರುವ ಪದ ಒಂದು ಮನೆ ಕಡಿಮೆ ಬಿದ್ದರೆ ಒತ್ತಕ್ಷರ ಬಿಡಿಸಿ ಉಚ್ಚರಿಸಿ ನೋಡಿ. ಹಲವು ಸಲ ಅಲ್ಲಿಗೇ ಬೀಗ ತೆರೆಯುತ್ತದೆ.

ಇನ್ನು ಸುಳಿವಿನ ವ್ಯಾಕರಣ. ಸುಳಿವು ಯಾವ ರೂಪದಲ್ಲಿದೆಯೋ ಉತ್ತರವೂ ಸಾಮಾನ್ಯವಾಗಿ ಅದೇ ರೂಪದಲ್ಲಿರುತ್ತದೆ. ಸುಳಿವು ‘-ದಿಂದ’ ಎಂದು ಮುಗಿದರೆ ಕೊನೆಯ ಎರಡು ಮನೆಯಲ್ಲಿ ದಿಂ, ದ ಎಂದು ಪೆನ್ಸಿಲಿನಲ್ಲಿ ತುಂಬಿಕೊಳ್ಳಿ. ಬಹುವಚನವಾದರೆ ಗ, ಳು. ‘-ತ್ತಾನೆ’ ಆದರೆ ತ್ತಾ, ನೆ. ‘ಹಣವುಳ್ಳವನು (4)’ ಎಂದಿದ್ದರೆ ಸಿರಿವಂತನೋ ಹಣವಂತನೋ ಗೊತ್ತಿಲ್ಲದಿದ್ದರೂ ವಂ, ತ ಎರಡು ಮನೆ ಪುಕ್ಕಟೆಯಾಗಿ ಸಿಕ್ಕಿತು. ಅದೇ ಸುಳಿವಿಗೆ (3) ಎಂದಿದ್ದರೆ ಶ್ರೀಮಂತ ಅಥವಾ ಧನಿಕ. ಹೀಗೆ ಪದವೇ ತಿಳಿಯದೆ ಅದರ ಬಾಲ ಹಿಡಿದುಕೊಂಡರೆ ದಾಟುವ ಪದಗಳಿಗೆ ಮೂರ್ನಾಲ್ಕು ಅಕ್ಷರ ಒದಗುತ್ತವೆ. ಹೆಚ್ಚಿನವರು ಪೂರ್ತಿ ಪದ ಹೊಳೆಯುವವರೆಗೆ ಏನನ್ನೂ ಬರೆಯುವುದಿಲ್ಲ, ನಿಲ್ಲಲು ಅದೂ ಒಂದು ಕಾರಣ.

ಕಾಗುಣಿತದ ವಿಷಯಕ್ಕೆ ಒಂದೇ ಮಾತು. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರ ವಸಿ ಸಡಿಲ. ಮಾತಿಗೆ ಅದರಿಂದ ತೊಂದರೆಯಿಲ್ಲ, ಸೊಗಸೇ. ಆದರೆ ಪದಬಂಧದಲ್ಲಿ ಹಗ್ಗ ಬೇರೆ, ಅಗ್ಗ ಬೇರೆ; ಹೊತ್ತು ಬೇರೆ, ಒತ್ತು ಬೇರೆ. ದ–ಧ, ಶ–ಷ ವ್ಯತ್ಯಾಸವೂ ಅಷ್ಟೇ. ಜಲದ ಬರೆಯುವ ಕಡೆ ಜಲಧ ಎಂದು ಬರೆದರೆ ಕೆಳಗಿನ ದಳ ಧಳವಾಗಿ ಕೂರುತ್ತದೆ. ಇನ್ನೊಂದು ಕಡೆ ನೋಡಿದರೆ ಈ ನಾಡಿನವರಿಗೆ ಅನುಕೂಲಗಳೂ ಇವೆ. ‘ಬೆಲ್ಲ ತಯಾರಾಗುವ ಜಾಗ (4)’ ಎಂದರೆ ಆಲೆಮನೆ ಎಂದು ಮಂಡ್ಯದವರಿಗೆ ನಿಘಂಟು ಹೇಳಬೇಕಾಗಿಲ್ಲ. ‘ಕೆ.ಆರ್.ಎಸ್. ಇರುವ ಊರು (4)’ ಕನ್ನಂಬಾಡಿ, ‘ಮದ್ದೂರಿನ ಬಳಿ ಹರಿಯುವ ನದಿ (2)’ ಶಿಂಷಾ.

ಇಷ್ಟು ಹೊತ್ತು ನೇರ ಸುಳಿವಿನ ಮಾತಾಯಿತು. ಕೆಲವು ಪದಬಂಧಗಳಲ್ಲಿ ಒಗಟಿನಂಥ ಸುಳಿವುಗಳೂ ಇಣುಕುತ್ತವೆ. ಅವುಗಳಲ್ಲಿ ಅರ್ಥ ಹುಡುಕುತ್ತ ಹೋದರೆ ದಾರಿ ತಪ್ಪುತ್ತದೆ, ಅಕ್ಷರಗಳ ಆಟ ಹುಡುಕಬೇಕು. ‘ಸದ್ದು ಹಿಂದಿರುಗಿ ನೋಡಿದರೆ ಮದುವೆ ಗಂಡು (2)’: ಸದ್ದು ಎಂದರೆ ರವ, ತಿರುಗಿಸಿದರೆ ವರ. ‘ದಿನ ತಿರುಗಿದರೆ ಹರಿಯುತ್ತದೆ (2)’: ನದಿ. ತಿರುಗಿಸುವಾಗ ಕಾಗುಣಿತ ಅಕ್ಷರಕ್ಕೇ ಅಂಟಿಕೊಂಡಿರಬೇಕು. ದಿ, ನ ಎಂಬುದು ನ, ದಿ ಆಗುತ್ತದೆಯೇ ಹೊರತು ನಿ, ದ ಅಲ್ಲ. ‘ಅವನ ಒಳಗೊಂದು ಕಾಡು (2)’ ಎಂದರೆ ‘ಅವನ’ ಎಂಬ ಪದದೊಳಗೇ ವನ ಅಡಗಿದೆ. ‘ಅಗಸ ಅಸ್ತವ್ಯಸ್ತವಾದರೆ ಹಳೆಯ ಕಾಲದ ಕವಿ (3)’: ಅಸಗ, ಒಂಬತ್ತನೇ ಶತಮಾನದವನು. (ತಮಾಷೆಯೆಂದರೆ ಹಳಗನ್ನಡದಲ್ಲಿ ಅಸಗ ಎಂದರೂ ಅಗಸನೇ.) ‘ತಿಳಿದುಕೋ, ಹಗೆಯೂ ಹೌದು (2)’ ಎಂಬಲ್ಲಿ ಎರಡು ಅರ್ಥದ ಒಂದೇ ಪದ, ಅರಿ. ಕರ, ಅಡಿ, ಕಾಲು, ಹತ್ತು ಇವನ್ನೂ ಇದೇ ರೀತಿ ಬಳಸುತ್ತಾರೆ. ಒಳಗೆ, ಅಡಗಿದ, ತಿರುಗಿದ, ತಲೆಕೆಳಗಾದ, ಚೆಲ್ಲಾಪಿಲ್ಲಿ, ಅಸ್ತವ್ಯಸ್ತ, ಬಾಲವಿಲ್ಲದ, ತಲೆಯಿಲ್ಲದ ಎಂಬ ಮಾತುಗಳು ಸುಳಿವಿನಲ್ಲಿ ಕಂಡರೆ ಅವು ಅಲಂಕಾರಕ್ಕೆ ಬಂದವಲ್ಲ, ಅಕ್ಷರಗಳಿಗೆ ಏನು ಮಾಡಬೇಕೆಂಬ ಆಜ್ಞೆ. ಸುಳಿವಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಜಾಗ್ರತೆ.

ಈಗ ನಿಮ್ಮ ಮನೆಯ ವ್ಯಾಜ್ಯ. ಬಹುಮಾನದ ಸ್ಪರ್ಧೆಯಲ್ಲದ ದಿನನಿತ್ಯದ ಪದಬಂಧದಲ್ಲಿ ಕಳ್ಳಾಟ ಎಂಬುದಿಲ್ಲ. ಆದರೆ ಸಹಾಯಕ್ಕೆ ಒಂದು ಕ್ರಮವಿದ್ದರೆ ಆಟದ ರುಚಿ ಉಳಿಯುತ್ತದೆ. ಮೊದಲ ಸುತ್ತು ಐದಾರು ನಿಮಿಷ: ಎಲ್ಲ ಸುಳಿವುಗಳನ್ನೂ ಒಮ್ಮೆ ಓದಿ, ಖಚಿತವಾದದ್ದನ್ನು ಮಾತ್ರ ತುಂಬಿ. ಎರಡನೇ ಸುತ್ತಿನಲ್ಲಿ ತುಂಬಿದ ಪದಕ್ಕೆ ತಗುಲಿಕೊಂಡ ಸುಳಿವುಗಳನ್ನು ಮಾತ್ರ ನೋಡುತ್ತ ಅಲ್ಲಿಂದಲೇ ಹರಡಿಕೊಳ್ಳಿ. ಇನ್ನೂ ಒಂದಕ್ಷರವೂ ಬೀಳದ ಮೂಲೆಗೆ ಹಾರಬೇಡಿ. ಮೂರನೆಯದು ಮೇಲೆ ಹೇಳಿದ ತಪ್ಪು ಹಿಡಿಯುವ ಸುತ್ತು. ಆಮೇಲೂ ನಿಂತರೆ ಪೇಪರ್ ಮಡಚಿಟ್ಟು ತಿಂಡಿ ಮುಗಿಸಿ ಬನ್ನಿ. ಮುಗಿಲು ಎಂದು ಗಟ್ಟಿ ಹಿಡಿದ ಮನಸ್ಸು ಅರ್ಧ ಗಂಟೆಯಲ್ಲಿ ತಾನೇ ಅದನ್ನು ಬಿಟ್ಟಿರುತ್ತದೆ.

ನಂತರ ಮನುಷ್ಯರು. ಕೇಳುವಾಗ ಉತ್ತರ ಕೇಳಬೇಡಿ, ಅರ್ಥ ಕೇಳಿ. ‘ಮೋಡಕ್ಕೆ ಇನ್ನೇನೇನು ಹೆಸರಿವೆ?’ ಎಂದರೆ ಯಜಮಾನರೂ ಆಟದಲ್ಲಿ ಸೇರುತ್ತಾರೆ, ಕಳ್ಳಾಟದ ಮಾತು ಅಲ್ಲಿಗೇ ನಿಲ್ಲುತ್ತದೆ. ಪುರಾಣ, ಹಳೆಯ ಅಳತೆ, ಬೇಸಾಯದ ಪದಗಳಿಗೆ ಹಿರಿಯರು. ಸಿನಿಮಾ, ಕ್ರಿಕೆಟ್, ಹೊಸ ಇಂಗ್ಲಿಷ್ ಪದಗಳಿಗೆ ಮಗಳು.

ಅದೂ ಸಾಲದಿದ್ದರೆ ನಿಘಂಟು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಉತ್ತರವನ್ನು ನಿಘಂಟಿನಲ್ಲಿ ಹುಡುಕುವುದು. ಗೊತ್ತಿಲ್ಲದ ಪದವನ್ನು ಹುಡುಕುವುದಾದರೂ ಹೇಗೆ? ಸುಳಿವಿನ ಪದವನ್ನೇ ತೆಗೆಯಿರಿ. ‘ಮೋಡ’ದ ಮುಂದೆ ಕೊಟ್ಟ ಅರ್ಥಗಳಲ್ಲಿ ಒಂದನ್ನು ಹಿಡಿದು, ಅದನ್ನು ಮತ್ತೆ ತೆಗೆಯಿರಿ. ಎರಡೇ ಹೆಜ್ಜೆಗೆ ಹತ್ತು ಪದ ಕೈಗೆ ಬರುತ್ತವೆ. ಮೊದಲಕ್ಷರ ಖಚಿತವಾಗಿದ್ದರೆ ಮಾತ್ರ ನೇರವಾಗಿ ಉತ್ತರಕ್ಕೇ ಹೋಗಿ. ಆಗ ಎರಡು ಸಂಗತಿ ನೆನಪಿರಲಿ: ಅಂಗಳ, ಅಂಬುದದಂಥ ಸೊನ್ನೆಯ ಪದಗಳು ಬಹಳಷ್ಟು ನಿಘಂಟುಗಳಲ್ಲಿ ಅಕಾರದ ಆರಂಭದಲ್ಲೇ ಇರುತ್ತವೆ, ಕೊನೆಯಲ್ಲಲ್ಲ, ಕ್ಷ ಇರುವುದು ಕಕಾರದಲ್ಲಿ, ಜ್ಞ ಇರುವುದು ಜಕಾರದಲ್ಲಿ.

ಮನೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಸಾಕು. ಅದಕ್ಕೂ ಸಿಗದ ಹಳಗನ್ನಡ ಪದವಾದರೆ ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟನ್ನು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ಆ ದೊಡ್ಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರ ಹೆಸರಿನ ‘ಜಿ’ ನಿಮ್ಮ ಜಿಲ್ಲೆಯದೇ, ಶ್ರೀರಂಗಪಟ್ಟಣದ ಪಕ್ಕದ ಗಂಜಾಂ. ಅವರು ಹುಟ್ಟಿದ್ದು 1913ರ ಆಗಸ್ಟಿನಲ್ಲಿ. ಅದೇ ವರ್ಷ ಡಿಸೆಂಬರ್ 21ಕ್ಕೆ ಅಮೆರಿಕದ ‘ನ್ಯೂಯಾರ್ಕ್ ವರ್ಲ್ಡ್’ ಪ‍ತ್ರಿಕೆಯಲ್ಲಿ ಆರ್ಥರ್ ವಿನ್ ಹೆಣೆದ ಮೊದಲ ಪದಬಂಧ ಅಚ್ಚಾಯಿತು. ಪದಬಂಧವೂ ನಿಘಂಟಿನ ಸಂಪಾದಕರೂ ಒಂದೇ ವಯಸ್ಸಿನವರು!

ಮೊಬೈಲ್ ಕೊನೆಗಿರಲಿ. ಬೇಡವೆಂದಲ್ಲ, ಅದಕ್ಕೆ ಯಾವ ಕೆಲಸ ಒಪ್ಪಿಸಬೇಕೆಂದು ತಿಳಿದಿರಬೇಕು. ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ನೀವು ಊಹಿಸಿದ ಪದ ನಿಜವಾಗಿ ಇದೆಯೇ, ದಕಾರವೋ ಧಕಾರವೋ ಎಂದು ನೋಡಲು ಅದು ಚೆನ್ನು. ಪ್ರಶ್ನೆ ಕೇಳಿದರೆ ಉತ್ತರಿಸುವ ಎಐ ಆ್ಯಪ್‌ಗಳನ್ನು ‘ಮೋಡಕ್ಕೆ ಮೂರಕ್ಷರದ ಪದ ಕೊಡು’ ಎಂದು ಕೇಳಿದರೆ ನಾಲ್ಕಕ್ಷರದ್ದನ್ನೋ ಎರಡಕ್ಷರದ್ದನ್ನೋ ಧೈರ್ಯವಾಗಿ ಕೊಡುವುದುಂಟು. ಕಾರಣವಿದೆ. ನಮಗೆ ಎರಡಕ್ಷರವಾದ ಲಕ್ಷ್ಮಿ ಕಂಪ್ಯೂಟರಿನೊಳಗೆ ಏಳು ತುಂಡು: ಲ, ಕ, ಒಂದು ಅರ್ಧಚಿಹ್ನೆ, ಷ, ಇನ್ನೊಂದು ಅರ್ಧಚಿಹ್ನೆ, ಮ, ಗುಡಿಸು. ಅದರ ಎಣಿಕೆಯೇ ಬೇರೆ. ಹಾಗಾಗಿ ‘ಮೋಡಕ್ಕೆ ಸಮಾನಾರ್ಥಕ ಪದಗಳನ್ನೆಲ್ಲ ಕೊಡು’ ಎಂದಷ್ಟೇ ಕೇಳಿ. ಮನೆಗಳ ಲೆಕ್ಕ, ದಾಟುವ ಅಕ್ಷರದ ತಾಳೆ ನೀವೇ ನೋಡಿ. ಅಲ್ಲಿ ಸಿಕ್ಕ ಪದ ನಿಘಂಟಿನಲ್ಲಿದೆಯೇ ಎಂದು ನೋಡದೆ ಪೆನ್ನಿನಲ್ಲಿ ಬರೆಯಬೇಡಿ, ಇಲ್ಲದ ಪದವನ್ನು ಇದೆಯೆಂದು ಹೇಳುವುದೂ ಉಂಟು.

ಪೆನ್ನು ಎಂದದ್ದಕ್ಕೆ ನೆನಪಾಯಿತು: ಪೇಪರಿನ ಕಾಗದ ಶಾಯಿ ಹೀರುತ್ತದೆ, ಜೆಲ್ ಪೆನ್ನಿನ ಬರಹ ಒಡೆದು ಪಕ್ಕದ ಮನೆಗೂ ಹರಡುತ್ತದೆ. ಗಟ್ಟಿ ಪೆನ್ಸಿಲ್ ಕಾಗದ ಹರಿಯುತ್ತದೆ. 2ಬಿ ಪೆನ್ಸಿಲ್, ಕೆಳಗೊಂದು ರಟ್ಟು. ಅಳಿಸುವಾಗ ಉಜ್ಜಬೇಡಿ, ಅಚ್ಚಿನ ಮಸಿಯೂ ಸೇರಿ ಮನೆ ಕಪ್ಪಾಗಿಬಿಡುತ್ತದೆ. ರಬ್ಬರನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಅನುಮಾನದ ಅಕ್ಷರವನ್ನು ಮನೆಯ ಮೂಲೆಯಲ್ಲಿ ಸಣ್ಣದಾಗಿ, ಖಚಿತವಾದದ್ದನ್ನು ನಡುವೆ ದೊಡ್ಡದಾಗಿ ಬರೆದರೆ ತಪ್ಪು ಹಿಡಿಯುವ ಸುತ್ತಿನಲ್ಲಿ ಯಾವುದನ್ನು ಮೊದಲು ಅನುಮಾನಿಸಬೇಕೆಂದು ತಾನೇ ಕಾಣುತ್ತದೆ.

ಮರುದಿನ ಅಚ್ಚಾಗುವ ಉತ್ತರವನ್ನು ಬರೀ ತಾಳೆ ನೋಡಿ ಎಸೆಯಬೇಡಿ. ನಿಮಗೆ ಹೊಳೆಯದೆ ಹೋದ ಪದಗಳನ್ನು ಮಾತ್ರ ಒಂದು ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಿ. ಬಂದ ಪದಗಳನ್ನೆಲ್ಲ ಅಕಾರಾದಿಯಾಗಿ ಬರೆಯುವುದು ವ್ಯರ್ಥ ಶ್ರಮ, ಬೇಕಾದಾಗ ಸಿಗುವುದಿಲ್ಲ. ಪುಟಕ್ಕೊಂದು ಅರ್ಥ, ಅದರ ಕೆಳಗೆ ಎರಡು, ಮೂರು, ನಾಲ್ಕು, ಐದು ಎಂಬ ಕಂಬಗಳು. ಮೊದಲ ಪುಟಕ್ಕೆ ಮೋಡವನ್ನೇ ಹಾಕಿ. ಎರಡರ ಕೆಳಗೆ ಮೇಘ, ಘನ, ಅಭ್ರ. ಮೂರರ ಕೆಳಗೆ ಮುಗಿಲು, ಜಲದ, ವಾರಿದ, ನೀರದ, ತೋಯದ, ಪಯೋದ, ಮತ್ತೆ ಈ ಸಲದ ಅಂಬುದ. ನಾಲ್ಕರ ಕೆಳಗೆ ಜಲಧರ. ಐದರ ಕಂಬ ಸದ್ಯಕ್ಕೆ ಖಾಲಿ ಇರಲಿ.